ಹಾಫ್-ಲೈಫ್ ಮತ್ತೆ ಆಡಿದೆ: ಇದು ಕಿವಿಯಿಂದ ಆಡುವ ಆಟ

1998ರ ನವೆಂಬರ್‌ನಲ್ಲಿ ಬಂದ ಹಾಫ್-ಲೈಫ್ ಎಂಬ ಕಂಪ್ಯೂಟರ್ ಆಟವನ್ನು ಈಗ ಆಡುವ ಮನಸ್ಸಿದ್ದರೆ ಮೊದಲು ಒಂದು ಒಳ್ಳೆ ಹೆಡ್‌ಫೋನ್ ಹಾಕಿಕೊಳ್ಳಿ. ಗ್ರಾಫಿಕ್ಸ್ ಬಗ್ಗೆ ಆಮೇಲೆ ಯೋಚಿಸಿದರಾಯಿತು. ಗೋಡೆಗಳು ಮಸುಕು ಮಸುಕು. ಇಡೀ ಕಟ್ಟಡದಲ್ಲಿ ಓಡಾಡುವ ವಿಜ್ಞಾನಿಗಳಿಗೆಲ್ಲ ಸೇರಿ ನಾಲ್ಕೇ ಮುಖ. ಇವತ್ತಿನ ಆಟಗಳನ್ನು ನೋಡಿದ ಕಣ್ಣಿಗೆ ಇದೆಲ್ಲ ಹಳೆಯದು ಅನ್ನಿಸಿಯೇ ಅನ್ನಿಸುತ್ತದೆ. ಸದ್ದು ಮಾತ್ರ ಒಂದಿಷ್ಟೂ ಸವೆದಿಲ್ಲ.

ಆಡಿಯೋ ಎಡಿಟಿಂಗ್ ನನ್ನ ಕೆಲಸ. ದಿನವಿಡೀ ಬೇರೆಯವರ ದನಿ, ಉಸಿರು, ಕುರ್ಚಿ ಎಳೆದ ಸದ್ದು ಕೇಳುತ್ತಾ ಕೂರುತ್ತೇನೆ. ಹಾಗಾಗಿ ಈ ಸಲ ಆಟವನ್ನು ಹಾರ್ಡ್ ಲೆವೆಲ್‌ನಲ್ಲಿ ಶುರು ಮಾಡಿದಾಗ ನನ್ನ ಗಮನ ಹೋದದ್ದೆಲ್ಲ ಕಿವಿಗೆ ಬೀಳುವುದರ ಕಡೆಗೇ. ಆಡಿ ಮುಗಿಸಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಈ ಆಟ ನಮ್ಮ ಕಿವಿಯನ್ನು ನಂಬಿದ ಕಡೆಯಲ್ಲೆಲ್ಲ ಇವತ್ತಿಗೂ ಅದ್ಭುತ. ನಂಬದ ಕಡೆ ಸೊರಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನೆಲದಡಿ ಬ್ಲ್ಯಾಕ್ ಮೇಸಾ ಎಂಬ ದೊಡ್ಡ ಸಂಶೋಧನಾ ಕೇಂದ್ರ. ಅಲ್ಲಿನ ಯುವ ಭೌತವಿಜ್ಞಾನಿ ಗಾರ್ಡನ್ ಫ್ರೀಮನ್, ಅಂದರೆ ನಾವು. ಒಂದು ಪ್ರಯೋಗ ಕೆಡುತ್ತದೆ, ಬೇರೆ ಲೋಕದ ಪ್ರಾಣಿಗಳು ಒಳಗೆ ನುಗ್ಗುತ್ತವೆ. ಕಾಪಾಡಲು ಬಂದರು ಅಂದುಕೊಂಡ ಸೈನಿಕರು ಬಾಯಿ ಮುಚ್ಚಿಸಲು ಬಂದವರು ಅಂತ ಆಮೇಲೆ ತಿಳಿಯುತ್ತದೆ. ಮಧ್ಯೆ ಎಲ್ಲೂ ಸಿನಿಮಾ ತುಣುಕುಗಳಿಲ್ಲ. ಶುರುವಿನಿಂದ ಕೊನೆಯವರೆಗೆ ಗಾರ್ಡನ್‌ನ ಕಣ್ಣಲ್ಲೇ ನೋಡುತ್ತೇವೆ, ಅವನ ಕಿವಿಯಲ್ಲೇ ಕೇಳುತ್ತೇವೆ. ಅವನು ಒಂದೇ ಒಂದು ಮಾತೂ ಆಡುವುದಿಲ್ಲ. ಇದೂ ಒಳ್ಳೆಯದೇ ಆಯಿತು. ನಾವು ಸುಮ್ನೆ ಕೇಳಿಸಿಕೊಳ್ಳಬಹುದು.

ಕೇಳಿಸಿಕೊಳ್ಳಲು ಎಷ್ಟೆಲ್ಲ ಇದೆ ನೋಡಿ. ಟೈಲ್ಸ್ ಮೇಲೆ ನಡೆದರೆ ಒಂದು ಸದ್ದು, ಕಬ್ಬಿಣದ ಜಾಲರಿ ಮೇಲೆ ಇನ್ನೊಂದು, ಗಾಳಿ ಕೊಳವೆಯೊಳಗೆ ತೆವಳಿದರೆ ತಗಡು ಬಡಿದ ಸದ್ದು, ನೀರಲ್ಲಿ ಬೇರೆಯೇ. ಅದರ ಮೇಲೆ ಪ್ರತಿ ಜಾಗಕ್ಕೂ ಅದರದೇ ಪ್ರತಿಧ್ವನಿ. ಚಿಕ್ಕ ಆಫೀಸ್ ಕೋಣೆಯಿಂದ ದೊಡ್ಡ ಸುರಂಗಕ್ಕೆ ಕಾಲಿಟ್ಟರೆ ಅದೇ ಗುಂಡಿನ ಸದ್ದು ಹಿಗ್ಗಿ, ದೂರ ಹೋಗಿ ವಾಪಸ್ ಬರುತ್ತದೆ. ಈಗ ಇದು ಮಾಮೂಲು. ಆದರೆ ಇದು ಕ್ವೇಕ್ ಎಂಬ ಇನ್ನೂ ಹಳೆಯ ಆಟದ ಎಂಜಿನ್, ಅಂದರೆ ಆಟ ನಡೆಸುವ ಮೂಲ ಸಾಫ್ಟ್‌ವೇರ್ ಪಡೆದು, ಅದನ್ನೇ ತಿದ್ದಿ ಕಟ್ಟಿದ ಆಟ. ವಾಲ್ವ್ ಕಂಪನಿಯ ಮೊಟ್ಟಮೊದಲ ಆಟ ಬೇರೆ. ಸ್ಯಾಂಪಲ್‌ಗಳು, ಅಂದರೆ ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕುಗಳು, ಹೆಚ್ಚಿನವು ಕಮ್ಮಿ ಗುಣಮಟ್ಟದ 8 ಬಿಟ್‌ನ ಮೋನೋ ಫೈಲುಗಳು, ಕಿವಿಗೊಟ್ಟರೆ ಹಿಂದೆ ಸಣ್ಣ ಹಿಸ್ ಕೇಳುತ್ತದೆ. ಇವತ್ತು ಯಾರಾದರೂ ನನಗೆ ಅಂಥ ಫೈಲ್ ಕಳಿಸಿದರೆ ಮತ್ತೆ ರೆಕಾರ್ಡ್ ಮಾಡಿ ಅಂತೀನಿ. ಆಟದೊಳಗೆ ಆ ಒರಟುತನವೇ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅರ್ಧಕ್ಕರ್ಧ ಸದ್ದು ರೇಡಿಯೋದಿಂದ, ಸ್ಪೀಕರ್‌ನಿಂದ, ಹಳೇ ಯಂತ್ರಗಳಿಂದ ಬರುವಂಥದ್ದು.

ಕಟ್ಟಡದ ಸ್ಪೀಕರ್‌ಗಳಲ್ಲಿ ಗಂಡಸಿನ ದನಿಯಲ್ಲಿ ಬರುವ ಪ್ರಕಟಣೆಗಳನ್ನೇ ತಗೊಳ್ಳಿ. ಪದಗಳ ನಡುವೆ ಸಣ್ಣ ಕುಲುಕು ಇರುತ್ತದೆ, ಅಲ್ವಾ? ಅದಕ್ಕೆ ಕಾರಣವಿದೆ. ಆ ವಾಕ್ಯಗಳನ್ನು ಯಾರೂ ಪೂರ್ತಿಯಾಗಿ ಓದಿ ರೆಕಾರ್ಡ್ ಮಾಡಿಲ್ಲ. ಒಂದೊಂದು ಪದಕ್ಕೆ ಒಂದೊಂದು ಫೈಲ್ ಇಟ್ಟು, ಆಟ ನಡೆಯುವಾಗಲೇ ಪೋಣಿಸುತ್ತಾರೆ. ಆಟದ ಸೌಂಡ್ ಫೋಲ್ಡರ್‌ನಲ್ಲಿ 'ಸೆಂಟೆನ್ಸಸ್' ಎಂಬ ಟೆಕ್ಸ್ಟ್ ಫೈಲ್ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಯಾವ ವಾಕ್ಯಕ್ಕೆ ಯಾವ ಯಾವ ಪದ, ಎಷ್ಟು ಪಿಚ್ (ದನಿಯ ಸ್ಥಾಯಿ), ಎಷ್ಟು ವಾಲ್ಯೂಮ್ ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ. ಸೈನಿಕರ ಮಾತೂ ಇದೇ ಥರ. ಹಿಂದೆ ಮುಂದೆ ಒಂದು ರೇಡಿಯೋ ಕ್ಲಿಕ್, ನಡುವೆ ಕತ್ತರಿಸಿ ಜೋಡಿಸಿದ ಪದಗಳು. ನಾನು ಆ ಫೈಲ್ ಓದುತ್ತಾ ಬಹಳ ಹೊತ್ತು ಕೂತಿದ್ದೆ. ಮೆಮೊರಿ ಕಮ್ಮಿ ಇದ್ದ ಕಾಲದಲ್ಲಿ ಎಷ್ಟು ಲೆಕ್ಕಾಚಾರದಿಂದ ಮಾಡಿದ ಕೆಲಸ ಇದು!

ಪ್ರಾಣಿಗಳ ಸದ್ದು ಬರೀ ಹೆದರಿಸಲಿಕ್ಕೆ ಇಟ್ಟಿದ್ದಲ್ಲ, ಅದು ನಮಗೆ ಸಿಗುವ ಸುಳಿವು. ಎರಡು ಕಾಲಿನ ವೋರ್ಟಿಗಾಂಟ್ ಕೈಯಲ್ಲಿ ಹಸಿರು ಮಿಂಚು ಕೂಡಿಸುವಾಗ ಆ ಸದ್ದಿನ ಪಿಚ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದು ತುದಿ ಮುಟ್ಟುವ ಹೊತ್ತಿಗೆ ಗೋಡೆಯ ಮರೆಗೆ ಸರಿದರೆ ಸಾಕು, ನೋಡಬೇಕಾಗಿಯೇ ಇಲ್ಲ. ಮೂರು ಕಾಲಿನ ಹೌಂಡ್‌ಐ ಅಂತೂ ಸದ್ದನ್ನೇ ಆಯುಧ ಮಾಡಿಕೊಂಡಿದೆ. ಗುಂಯ್ ಎಂದು ಏರಿಸಿ ಏರಿಸಿ ಕೊನೆಗೆ ಒಂದೇ ಏಟಿಗೆ ಬಿಡುತ್ತದೆ. ಗುಂಪಾಗಿದ್ದರೆ ಹೊಡೆತ ಇನ್ನೂ ಜಾಸ್ತಿ. ಇವೆಲ್ಲದರ ನಡುವೆ ನಮ್ಮ ರಕ್ಷಾಕವಚದೊಳಗಿನ ಹೆಣ್ಣುದನಿ ಮೂಳೆ ಮುರಿದಿದೆ, ಮಾರ್ಫಿನ್ ಕೊಟ್ಟಾಯಿತು ಎಂದು ಒಂಚೂರೂ ಗಾಬರಿಯಿಲ್ಲದೆ ಹೇಳುತ್ತಾ ಹೋಗುತ್ತದೆ. ಆ ನಿರಾಳ ದನಿ ಕೇಳಿದಾಗಲೇ ನನಗೆ ಜಾಸ್ತಿ ಭಯವಾಗುವುದು.

ಇನ್ನು ಬ್ಲಾಸ್ಟ್ ಪಿಟ್. ಬೇರೆ ಏನೂ ಆಡದಿದ್ದರೂ ಈ ಅಧ್ಯಾಯದವರೆಗಾದರೂ ಆಡಿ.

ರಾಕೆಟ್ ಎಂಜಿನ್ ಪರೀಕ್ಷೆ ಮಾಡುವ ಆಳವಾದ ಗುಂಡಿ. ಅದರೊಳಗಿಂದ ಮೇಲೆದ್ದ ಮೂರು ಉದ್ದನೆಯ ಕತ್ತುಗಳು, ಪ್ರತಿಯೊಂದರ ತುದಿಗೂ ಚೂಪಾದ ಕೊಕ್ಕು. ಅವು ನಮ್ಮನ್ನು ಹುಡುಕುವುದು ಸದ್ದಿನಿಂದ. ಕೊಕ್ಕನ್ನು ಕಬ್ಬಿಣದ ನೆಲಕ್ಕೆ ಟಣ್, ಟಣ್ ಎಂದು ಕುಟ್ಟುತ್ತವೆ. ಆ ಟಣತ್ಕಾರ ಗುಂಡಿ ಕಾಣಿಸುವುದಕ್ಕೆ ಮೊದಲೇ ಕೇಳಿಸಲು ಶುರುವಾಗುತ್ತದೆ. ಗುಂಡು ಹಾರಿಸಿ ಕೊಲ್ಲಲು ಆಗುವುದಿಲ್ಲ. ಸುತ್ತ ಇರುವ ಸಪೂರ ದಾರಿಯಲ್ಲಿ ಓಡಿದರೆ ಕಥೆ ಮುಗಿಯಿತು. ಕುಕ್ಕರುಗಾಲಲ್ಲಿ ಮೆಲ್ಲಗೆ ಹೋಗಬೇಕು, ಇಲ್ಲವೇ ಆಚೆ ಬದಿಗೆ ಒಂದು ಗ್ರೆನೇಡ್ ಎಸೆಯಬೇಕು. ಅದು ಬಿದ್ದು ಉರುಳುವ ಸದ್ದಿಗೆ ಕತ್ತುಗಳು ಅತ್ತ ತಿರುಗುತ್ತವೆ, ಅಷ್ಟರಲ್ಲಿ ನಾವು ಇತ್ತ ದಾಟಬೇಕು. ಆಮೇಲೆ ಇಂಧನ, ಆಮ್ಲಜನಕ, ವಿದ್ಯುತ್ ಮೂರನ್ನೂ ಚಾಲೂ ಮಾಡಿ ಬಂದು ಎಂಜಿನ್ ಹೊತ್ತಿಸಿದರೆ ಅವು ಸುಟ್ಟುಹೋಗುತ್ತವೆ.

ಇದರ ಒಳಗಿನ ಲೆಕ್ಕ ಇನ್ನೂ ಚೆಂದ. ಈ ಆಟದಲ್ಲಿ ನಾವು ಮಾಡುವ ಸದ್ದಿಗೆ ಒಂದು ಅಳತೆ ಇದೆ. ನಡೆಯುವ ವೇಗ ಎಷ್ಟೋ ಸದ್ದೂ ಅಷ್ಟೇ, ಹಾರಿದರೆ ಇನ್ನಷ್ಟು. ಸುತ್ತಲಿನ ಪ್ರಾಣಿಗಳು, ಸೈನಿಕರು ಅದನ್ನು ಕೇಳಿಸಿಕೊಳ್ಳುತ್ತಾರೆ. ಗ್ರೆನೇಡ್ ಬಿದ್ದರೆ ಅದು 'ಅಪಾಯದ ಸದ್ದು' ಎಂದು ದಾಖಲಾಗಿ ಸೈನಿಕರು ಓಡುತ್ತಾರೆ. ವಾಸನೆಯನ್ನೂ ಇದೇ ಪಟ್ಟಿಗೆ ಸೇರಿಸಿದ್ದಾರೆ. ಕೊಳೆತ ಹೆಣ, ಮಾಂಸ, ಕಸ ಎಲ್ಲವೂ ಕೋಡ್‌ನಲ್ಲಿ ಒಂದು ಬಗೆಯ ಸದ್ದೇ. ವಿಜ್ಞಾನಿಯೊಬ್ಬ ಹೆಣದ ಬಳಿ ನಿಂತು ಏನೋ ನಾತ ಅಂತ ಗೊಣಗುವುದು ಆ 'ಸದ್ದು' ಅವನಿಗೆ ಕೇಳಿಸಿದ್ದರಿಂದ. ಈ ವಿಷಯ ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಸೈನಿಕರ ಜಾಣತನದ ಬಗ್ಗೆ ಆಗಿನಿಂದಲೂ ಎಲ್ಲರೂ ಮಾತಾಡುತ್ತಾರೆ. ನಿಜಕ್ಕೂ ಜಾಣತನದ ಒಂದು ಪಾಲು ಅವರ ಬಾಯಲ್ಲೇ ಇದೆ. ಒಂದು ತಂಡದಲ್ಲಿ ಒಂದೇ ಸಲಕ್ಕೆ ಗುಂಡು ಹಾರಿಸುವುದು ಇಬ್ಬರೇ. ಉಳಿದವರು ಜಾಗ ಬದಲಿಸುತ್ತಾರೆ, ಕೂಗುತ್ತಾರೆ, ಗ್ರೆನೇಡ್ ಎಸೆಯುತ್ತಾರೆ. ಆ ಕೂಗಾಟ ಕೇಳಿದ ನಮಗೆ ಇವರು ಮಾತಾಡಿಕೊಂಡೇ ಸುತ್ತುವರಿಯುತ್ತಿದ್ದಾರೆ ಅನ್ನಿಸುತ್ತದೆ. ಸರ್ಫೇಸ್ ಟೆನ್ಷನ್ ಅಧ್ಯಾಯದಲ್ಲಿ ಒಂದು ಗೋಡೆಯ ಹಿಂದೆ ಕೂತು ಅವರ ರೇಡಿಯೋ ಕ್ಲಿಕ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಕೇಳುತ್ತಾ ಗ್ರೆನೇಡ್ ಎಸೆಯುವುದಿದೆಯಲ್ಲ, ಅಂಥ ಗುಂಡಿನ ಕಾಳಗ ಇವತ್ತಿನ ಎಷ್ಟೋ ದುಬಾರಿ ಆಟಗಳಲ್ಲೂ ನನಗೆ ಸಿಕ್ಕಿಲ್ಲ. ಕಪ್ಪು ಬಟ್ಟೆಯ ಹೆಣ್ಣು ಹಂತಕರು ಇನ್ನೂ ಕಷ್ಟ. ಹಾರ್ಡ್ ಲೆವೆಲ್‌ನಲ್ಲಿ ಅವರು ಹೆಚ್ಚುಕಡಿಮೆ ಕಾಣದಂತೆ ಪಾರದರ್ಶಕವಾಗುತ್ತಾರೆ. ಕೈಯಲ್ಲಿ ಸದ್ದಡಗಿಸಿದ ಪಿಸ್ತೂಲು. ಹಿಡಿಯಲು ಸಿಗುವುದು ಅವರ ಮೆಲು ಹೆಜ್ಜೆ ಸದ್ದೊಂದೇ.

ಸಂಗೀತ ತುಂಬಾ ಕಮ್ಮಿ. ಸದ್ದು, ಸಂಗೀತ ಎರಡನ್ನೂ ಮಾಡಿದವರು ಕೆಲ್ಲಿ ಬೈಲಿ ಒಬ್ಬರೇ. ಹಾಗಾಗಿಯೋ ಏನೋ, ಸಂಗೀತ ಯಾವತ್ತೂ ಸದ್ದಿನ ಕಾಲು ತುಳಿಯುವುದಿಲ್ಲ. ಎಲ್ಲೋ ಒಂದು ಕಡೆ ಬಂದು, ಸ್ವಲ್ಪ ಹೊತ್ತು ನುಡಿದು, ನಿಂತುಬಿಡುತ್ತದೆ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಏಣಿಗಳು ಮಹಾ ತಲೆನೋವು. ಹತ್ತುವಾಗ ಅಂಟಿಕೊಳ್ಳುತ್ತವೆ, ಇಳಿಯಲು ಹೋದರೆ ಜಾರಿ ಬೀಳುತ್ತೇವೆ. ಆನ್ ಎ ರೈಲ್ ಅಧ್ಯಾಯ ಎಳೆದೂ ಎಳೆದೂ ಬೇಜಾರು ಹಿಡಿಸುತ್ತದೆ, ಒಂದೇ ಥರದ ಸುರಂಗಗಳಲ್ಲಿ ಟ್ರಾಲಿ ಓಡಿಸುವುದೇ ಕೆಲಸ. ಕೊನೆಯ ಝೆನ್ ಲೋಕ ಬಂದಾಗ ಆಟವೇ ಬದಲಾಗಿಬಿಡುತ್ತದೆ. ಗುರುತ್ವ ಕಮ್ಮಿ, ತೇಲುವ ಬಂಡೆಯಿಂದ ಬಂಡೆಗೆ ಜಿಗಿಯಬೇಕು. ಅಲ್ಲಿಯವರೆಗೆ ಚೂಪು ಮಾಡಿಕೊಂಡ ಕಿವಿ ಅಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಬಂಡೆಯ ಅಂಚು ಎಲ್ಲಿದೆ ಅಂತ ಹೇಳುವ ಸದ್ದು ಇಲ್ಲವಲ್ಲ. ನನಗೆ ಝೆನ್ ಆಗಲೂ ಇಷ್ಟವಾಗಿರಲಿಲ್ಲ, ಈಗಲೂ ಆಗಲಿಲ್ಲ.

ಯಾವ ಆವೃತ್ತಿ ಆಡಬೇಕು ಎಂದರೆ, ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿರುವುದನ್ನೇ ಆಡಿ. 25 ವರ್ಷ ತುಂಬಿದ್ದಕ್ಕೆ 2023ರ ನವೆಂಬರ್‌ನಲ್ಲಿ ವಾಲ್ವ್ ಅದಕ್ಕೊಂದು ಉಚಿತ ಅಪ್‌ಡೇಟ್ ಕೊಟ್ಟಿದೆ. ಅಗಲ ಸ್ಕ್ರೀನ್‌ಗೆ ಸರಿಯಾಗಿ ಕೂರುತ್ತದೆ, ಅಕ್ಷರಗಳು ಓದುವಷ್ಟು ದೊಡ್ಡದಾಗಿವೆ, ಮೊದಲು ಬೇರೆಯಾಗಿ ಬಂದಿದ್ದ ಅಪ್‌ಲಿಂಕ್ ಎಂಬ ಪುಟ್ಟ ಡೆಮೊ ಕೂಡ ಒಳಗೇ ಇದೆ. ಅಭಿಮಾನಿಗಳು ಇದೇ ಆಟವನ್ನು ಹೊಸದಾಗಿ ಕಟ್ಟಿ, ಬ್ಲ್ಯಾಕ್ ಮೇಸಾ ಎಂದೇ ಹೆಸರಿಟ್ಟ ಆಟ 2020ರಲ್ಲಿ ಪೂರ್ತಿಯಾಗಿ ಬಂತು. ಅದರಲ್ಲಿ ಝೆನ್ ನಿಜಕ್ಕೂ ನೋಡುವಂತಿದೆ. ಆದರೆ ಅಲ್ಲಿ ಸಂಗೀತ ಜಾಸ್ತಿ, ಸುಮ್ಮನಿರುವ ಜಾಗ ಕಮ್ಮಿ. ಹಾಗಾಗಿ ಹಳೆಯದನ್ನು ಮೊದಲು ಆಡಿ, ಅದನ್ನು ಆಮೇಲೆ ಇಟ್ಟುಕೊಳ್ಳಿ. ಏಣಿ ಹತ್ತುವ ಮುಂಚೆ, ಝೆನ್‌ನಲ್ಲಿ ಪ್ರತಿ ಜಿಗಿತಕ್ಕೂ ಮುಂಚೆ ಸೇವ್ ಮಾಡುವುದು ಮರೆಯಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಂಗೀತದ ವಾಲ್ಯೂಮ್ ಒಂದು ಚೂರು ತಗ್ಗಿಸಿ, ಸದ್ದಿನದು ಪೂರ್ತಿ ಏರಿಸಿ.