ಒಂದೇ ಕೇಬಲ್ಲಿನ ಡಾಕ್: ಮಲೆನಾಡಿನ ಮಳೆ, ಕರೆಂಟಿನ ನಡುವೆ ಬಳಸಿದ ಮೇಲೆ

ನಾನು ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಶಿವಮೊಗ್ಗದ ಸ್ಟುಡಿಯೋದವರು ಹಾರ್ಡ್ ಡಿಸ್ಕ್ ಕಳಿಸುತ್ತಾರೆ, ತೀರ್ಥಹಳ್ಳಿ ಹತ್ತಿರದ ಮನೆಯಲ್ಲೇ ಕೂತು ಕೆಲಸ ಮುಗಿಸಿ ಕೊಡುತ್ತೇನೆ. ಮೇಜಿನ ಮೇಲೆ ಎರಡು 4ಕೆ ಮಾನಿಟರ್, ಎಡಿಟಿಂಗಿಗೆ ಒಂದು ಎಸ್‌ಎಸ್‌ಡಿ, ಬ್ಯಾಕಪ್ಪಿಗೆ ಹಾರ್ಡ್ ಡಿಸ್ಕ್, ಇಂಟರ್‌ನೆಟ್ ವೈರ್, ಕೀಬೋರ್ಡ್, ಸ್ಪೀಕರ್. ಎಲ್ಲವೂ ಒಂದು ಥಂಡರ್‌ಬೋಲ್ಟ್ 4 (ಟೈಪ್-ಸಿ ತೂತಿನಲ್ಲೇ ಚಿತ್ರ, ಡೇಟಾ, ಪವರ್ ಮೂರನ್ನೂ ಒಯ್ಯುವ ಪದ್ಧತಿ) ಡಾಕ್‌ಗೆ ಹೋಗುತ್ತವೆ, ಡಾಕ್‌ನಿಂದ ಲ್ಯಾಪ್‌ಟಾಪಿಗೆ ಬರುವುದು ಒಂದೇ ಕೇಬಲ್. ಚಾರ್ಜ್ ಆಗುವುದೂ ಅದರಲ್ಲೇ. ಇದು ಯಾವುದೋ ಒಂದು ಕಂಪನಿಯ ಡಾಕ್ ಬಗ್ಗೆ ಬರೆದದ್ದಲ್ಲ, ಈ ಒಂದೇ ಕೇಬಲ್ ಪದ್ಧತಿ ನಮ್ಮ ಕಡೆ ಮನೆಗಳಲ್ಲಿ ವರ್ಷಗಟ್ಟಲೆ ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಇದು ತುಂಬಾ ಇಷ್ಟ. ಆದರೆ ಡಾಕ್‌ನ ಜೊತೆಗೆ ಒಂದು ಯುಪಿಎಸ್ ಇಲ್ಲದಿದ್ದರೆ ಮಲೆನಾಡಿನಲ್ಲಿ ಇದನ್ನು ತಗೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ.

ಯಾಕೆ ಅಂದರೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಡಾಕ್‌ಗೆ ಇಲ್ಲ. ಜೂನ್, ಜುಲೈನಲ್ಲಿ ಇಲ್ಲಿ ಗಾಳಿಗೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದು ಬದಲಾಯಿಸಿಕೊಳ್ಳುವ ಆ ಒಂದು ಕ್ಷಣ ಸಾಕು, ಡಾಕ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮಾನಿಟರ್ ಎರಡೂ ಕಪ್ಪಾಗುತ್ತವೆ, ಅದು ಪರವಾಗಿಲ್ಲ. ಎಸ್‌ಎಸ್‌ಡಿ ಮಧ್ಯದಲ್ಲೇ ಕಳಚಿಕೊಳ್ಳುತ್ತದಲ್ಲ, ಅದು ನಿಜವಾದ ತೊಂದರೆ. ಲ್ಯಾಪ್‌ಟಾಪ್ ಮಾತ್ರ ಏನೂ ಆಗದ ಹಾಗೆ ಓಡುತ್ತಿರುತ್ತದೆ, ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಧಾರೆ ಎರೆಯುವ ದೃಶ್ಯ ಇದ್ದ ಜಾಗದಲ್ಲಿ ಕೆಂಪು ಪರದೆ ಬಂದು 'ಮೀಡಿಯಾ ಆಫ್‌ಲೈನ್' ಅನ್ನುತ್ತದೆ. ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡಿಸ್ಕ್‌ಗಳಿಗೆ 'ಕ್ವಿಕ್ ರಿಮೂವಲ್' (ಡೇಟಾವನ್ನು ತಡೆದಿಡದೆ ಆಗಲೇ ಡಿಸ್ಕ್‌ಗೆ ಬರೆದುಬಿಡುವ ವ್ಯವಸ್ಥೆ) ತಾನಾಗಿಯೇ ಆನ್ ಇರುತ್ತದೆ, ಹಾಗಾಗಿ ಡಿಸ್ಕ್ ಸುಮ್ನೆ ಇದ್ದಾಗ ಕಳಚಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಎಕ್ಸ್‌ಪೋರ್ಟ್ ಆಗುತ್ತಿರುವಾಗ ಹೋದರೆ ಆ ಫೈಲ್ ಹೋಯಿತು ಅಂತಲೇ ಲೆಕ್ಕ.

ಇದಕ್ಕೆ ಪರಿಹಾರ ಸುಲಭ. ಕಂಪ್ಯೂಟರ್‌ಗೆ ಹಾಕುವ ಸಣ್ಣ 600 ವಿಎ ಯುಪಿಎಸ್‌ನಲ್ಲಿ ಡಾಕ್‌ನ ಅಡಾಪ್ಟರ್, ಮಾನಿಟರ್ ಹಾಕಿದ್ದೇನೆ. ಇನ್ವರ್ಟರ್ ಹಿಡಿದುಕೊಳ್ಳುವ ತನಕ ಅದು ಸಾಕು. ನಿಮ್ಮ ಇನ್ವರ್ಟರ್‌ನಲ್ಲಿ ಇಕೋ, ಯುಪಿಎಸ್ ಅಂತ ಸ್ವಿಚ್ ಇದ್ದರೆ ಯುಪಿಎಸ್ ಕಡೆ ಇಡಿ, ಬದಲಾವಣೆ ಬೇಗ ಆಗುತ್ತದೆ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ನಮ್ಮ ಕಡೆ ಎಲ್ಲರೂ ಪ್ಲಗ್ ಕಿತ್ತಿಡುತ್ತಾರೆ. ಈ ವಿಷಯದಲ್ಲಿ ಒಂದೇ ಕೇಬಲ್ ಇರುವುದು ದೊಡ್ಡ ಅನುಕೂಲ. ಮೊದಲು ಚಾರ್ಜರ್, ಎಚ್‌ಡಿಎಂಐ, ಇಂಟರ್‌ನೆಟ್ ವೈರ್ ಎಲ್ಲ ಹುಡುಕಿ ಹುಡುಕಿ ಕೀಳಬೇಕಿತ್ತು, ಯಾವುದಾದರೂ ಒಂದು ಉಳಿದರೂ ಹೆದರಿಕೆ. ಫೈಬರ್‌ನಲ್ಲಿ ಕರೆಂಟು ಹರಿಯುವುದಿಲ್ಲ, ನಿಜ, ಆದರೆ ಮೋಡೆಮ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದಲ್ವಾ, ಅಲ್ಲಿಂದ ತಾಮ್ರದ ವೈರ್ ಹಿಡಿದು ಲ್ಯಾಪ್‌ಟಾಪಿಗೆ ಬರಬಹುದು. ಈಗ ಡಿಸ್ಕ್ ಇಜೆಕ್ಟ್ ಮಾಡಿ ಒಂದು ಕೇಬಲ್ ಎಳೆದರೆ ಲ್ಯಾಪ್‌ಟಾಪ್ ಪೂರ್ತಿ ಬೇರೆಯಾಯಿತು. ಆಮೇಲೆ ಡಾಕ್ ಉಳಿಯಲಿ ಅಂತ ಯುಪಿಎಸ್‌ನ ಪ್ಲಗ್ಗನ್ನೂ ಗೋಡೆಯಿಂದ ಕೀಳುತ್ತೇನೆ, ಮೋಡೆಮ್‌ನ ವೈರನ್ನೂ ಬಿಚ್ಚುತ್ತೇನೆ.

ಈಗ ಕೇಬಲ್ ವಿಷಯ. ಜನರಿಗೆ ಜಾಸ್ತಿ ಗೊಂದಲ ಇರುವುದೇ ಇಲ್ಲಿ. ಟೈಪ್-ಸಿ ಅನ್ನುವುದು ಬರೀ ತೂತಿನ ಆಕಾರ, 24 ಪಿನ್ ಇರುವ ಒಂದು ಕನೆಕ್ಟರ್, 2014ರಲ್ಲಿ ಬಂದದ್ದು. ಆ ತೂತಿನ ಹಿಂದೆ ಏನಿದೆ, ಕೇಬಲ್ಲಿನ ಒಳಗೆ ಎಷ್ಟು ತಂತಿ ಇದೆ ಅನ್ನುವುದು ಬೇರೆಯದೇ ಮಾತು. ಸ್ಟುಡಿಯೋ ಹುಡುಗ ಒಮ್ಮೆ ಎಸ್‌ಎಸ್‌ಡಿ ಜೊತೆ ಶಿವಮೊಗ್ಗದ ಅಂಗಡಿಯೊಂದರಲ್ಲಿ ತಗೊಂಡ ಹೊಸ ಕೇಬಲ್ ಕಳಿಸಿದ್ದ. ಅಂಗಡಿಯವರು "ಟೈಪ್-ಸಿ ಅಲ್ವಾ, ಎಲ್ಲಾ ಒಂದೇ, ತಗೊಂಡು ಹೋಗಿ" ಅಂದಿದ್ದರಂತೆ. ದಪ್ಪ ಇತ್ತು, ಮೇಲೆ ಬಟ್ಟೆ ಹೆಣೆದು ಚೆಂದವೂ ಇತ್ತು. ಒಳಗೆ ಮಾತ್ರ ಯುಎಸ್‌ಬಿ 2.0, ಅಂದರೆ 480 ಎಂಬಿಪಿಎಸ್. ಫೋನ್ ಚಾರ್ಜ್ ಮಾಡಲು ಏನೂ ತೊಂದರೆ ಇಲ್ಲ. 200 ಜಿಬಿ ಫೂಟೇಜ್ ಕಾಪಿ ಮಾಡಲು ಅದರಲ್ಲಿ ಒಂದು ಗಂಟೆಗಿಂತ ಜಾಸ್ತಿ ಬೇಕು. ಅದೇ ಡಿಸ್ಕ್ ಸರಿಯಾದ 10 ಜಿಬಿಪಿಎಸ್ ಕೇಬಲ್ಲಿನಲ್ಲಿ ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ. ಹುಡುಗನಿಗೆ ಫೋನ್ ಮಾಡಿ "ಡಿಸ್ಕ್ ಕೆಟ್ಟಿಲ್ಲ ಮಾರಾಯ, ಕೇಬಲ್ ಬದಲಾಯಿಸು" ಅಂದೆ.

ಪವರ್ ಕೂಡ ಹಾಗೆಯೇ. ಸಾಧಾರಣ ಟೈಪ್-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ ಮಾತ್ರ ಒಯ್ಯುತ್ತದೆ. ಅದಕ್ಕಿಂತ ಮೇಲೆ ಹೋಗಬೇಕಾದರೆ ಕೇಬಲ್ಲಿನ ತುದಿಯಲ್ಲಿ ಇ-ಮಾರ್ಕರ್ ಅನ್ನುವ ಸಣ್ಣ ಚಿಪ್ ಇರಬೇಕು, ಅದು 'ನಾನು 5 ಆಂಪಿಯರ್ ತಡೆಯುತ್ತೇನೆ' ಅಂತ ಚಾರ್ಜರ್‌ಗೆ ತಿಳಿಸಬೇಕು. ಆಗ 100 ವ್ಯಾಟ್ ಸಿಗುತ್ತದೆ. 2021ರಲ್ಲಿ ಬಂದ ಪವರ್ ಡೆಲಿವರಿ 3.1 ಇದನ್ನು 240 ವ್ಯಾಟ್‌ಗೆ ಏರಿಸಿತು, ಆದರೆ ಡಾಕ್, ಕೇಬಲ್, ಲ್ಯಾಪ್‌ಟಾಪ್ ಮೂರೂ ಅದಕ್ಕೆ ಒಪ್ಪಬೇಕು. ನನ್ನ ಲ್ಯಾಪ್‌ಟಾಪಿನ ಸ್ವಂತ ಚಾರ್ಜರ್ 100 ವ್ಯಾಟಿನದು, ಡಾಕ್ ಕೊಡುವುದು 96. ರೆಂಡರ್ ಮಾಡುವಾಗಲೂ ಬ್ಯಾಟರಿ ಇಳಿದಿಲ್ಲ. ಸ್ಟುಡಿಯೋದವರ ಗೇಮಿಂಗ್ ಲ್ಯಾಪ್‌ಟಾಪ್ ಇದೇ ಡಾಕ್‌ಗೆ ಹಾಕಿದರೆ ಕೆಲಸ ಜೋರಾದಾಗ ಚಾರ್ಜ್ ನಿಧಾನಕ್ಕೆ ಇಳಿಯುತ್ತದೆ. ಅಂಥ ಮೆಷಿನ್ ಇರುವವರು ಅದರ ಸ್ವಂತ ಚಾರ್ಜರನ್ನೂ ಹಾಕಿಕೊಳ್ಳಲೇಬೇಕು, ಅಲ್ಲಿಗೆ ಒಂದೇ ಕೇಬಲ್ ಅನ್ನುವುದು ಎರಡಾಯಿತು.

ಮಾನಿಟರ್‌ಗಾಗಿಯೇ ನಾನು ಥಂಡರ್‌ಬೋಲ್ಟ್ 4 ಆರಿಸಿದ್ದು. ಕಡಿಮೆ ಬೆಲೆಯ ಯುಎಸ್‌ಬಿ-ಸಿ ಡಾಕ್‌ಗಳಲ್ಲಿ ಅರ್ಧ ತಂತಿ ಚಿತ್ರಕ್ಕೆ, ಅರ್ಧ ಡೇಟಾಕ್ಕೆ ಹೋಗುತ್ತದೆ, ತೋಟಕ್ಕೂ ಮನೆಗೂ ಒಂದೇ ಪೈಪಿನಿಂದ ನೀರು ಬಿಟ್ಟ ಹಾಗೆ. ಚಿತ್ರ ಕಳಿಸುವ ಪದ್ಧತಿ ಹಳೆಯ ಡಿಸ್‌ಪ್ಲೇಪೋರ್ಟ್ 1.2 ಆಗಿದ್ದರೆ 4ಕೆ ಮಾನಿಟರ್ 30 ಹರ್ಟ್ಸ್‌ನಲ್ಲೇ, ಅಂದರೆ ಸೆಕೆಂಡಿಗೆ 30 ಚಿತ್ರಕ್ಕೇ ನಿಲ್ಲುತ್ತದೆ. ಮೌಸ್ ಎಳೆದರೆ ಬಾಣ ತಡವರಿಸಿಕೊಂಡು ಹಿಂದೆ ಬರುತ್ತದೆ, ದಿನವಿಡೀ ನೋಡುವ ಕಣ್ಣಿಗೆ ಅದು ಹಿಂಸೆ. ಥಂಡರ್‌ಬೋಲ್ಟ್ 4ರಲ್ಲಿ 40 ಜಿಬಿಪಿಎಸ್, ಎರಡು 4ಕೆ ಮಾನಿಟರ್ ಕಡ್ಡಾಯ. ಯುಎಸ್‌ಬಿ4 ಅಂತ ಬರೀ ಬರೆದಿದ್ದರೆ 20 ಜಿಬಿಪಿಎಸ್ ಇದ್ದರೂ ನಿಯಮಕ್ಕೆ ಸರಿ. ಎರಡರ ಬೇರು ಒಂದೇ. ಇಂಟೆಲ್ ತನ್ನ ಥಂಡರ್‌ಬೋಲ್ಟ್ 3 ವಿಧಾನವನ್ನು ಬಿಟ್ಟುಕೊಟ್ಟಿದ್ದರಿಂದಲೇ 2019ರಲ್ಲಿ ಯುಎಸ್‌ಬಿ4 ಬಂತು. ಆದರೂ ಅಂಗಡಿಯಲ್ಲಿ ನಿಂತಾಗ ಸಣ್ಣ ಅಕ್ಷರ ಓದಿಯೇ ತಗೊಳ್ಳಿ.

ಡಾಕ್ ಸರಿಯಿದ್ದರೂ ಲ್ಯಾಪ್‌ಟಾಪ್ ಒಪ್ಪಬೇಕು ಅನ್ನುವುದಕ್ಕೆ ನನ್ನ ತಮ್ಮನ ಮ್ಯಾಕ್‌ಬುಕ್ ಏರ್ ಸಾಕ್ಷಿ. ಬೆಂಗಳೂರಿನಿಂದ ರಜೆಗೆ ಬಂದಾಗ ಇದೇ ಮೇಜಿನಲ್ಲಿ ಕೂರುತ್ತಾನೆ. "ಅಕ್ಕ, ಒಂದೇ ಸ್ಕ್ರೀನ್ ಬರ್ತಿದೆ, ನಿನ್ನ ಡಾಕ್ ಹಾಳಾಗಿದ್ಯಾ?" ಅಂದ. ಅವನದು ಆಪಲ್‌ನ ಎಂ1 ಚಿಪ್ಪಿನದು, ಅದು ಹೊರಗಿನ ಒಂದೇ ಮಾನಿಟರ್ ನಡೆಸುವುದು. ಡಿಸ್‌ಪ್ಲೇಲಿಂಕ್ (ಸಾಫ್ಟ್‌ವೇರ್ ಮೂಲಕ ಮಾನಿಟರ್ ನಡೆಸುವ ಪದ್ಧತಿ) ಇರುವ ಡಾಕ್‌ನಲ್ಲಿ ಡ್ರೈವರ್ ಹಾಕಿ ಎರಡು ಮಾಡಬಹುದು, ಆಫೀಸಿನ ಕೆಲಸಕ್ಕೆ ಅದು ಸಾಕಾಗುತ್ತದೆ. ವಿಡಿಯೋ ಕೆಲಸಕ್ಕೆ ನಾನು ಬೇಡ ಅನ್ನುತ್ತೇನೆ, ಚಿತ್ರವನ್ನು ಕುಗ್ಗಿಸಿ ಕಳಿಸುವ ಪದ್ಧತಿ ಅದು.

ಡಾಕ್ ಯಾವಾಗಲೂ ಬೆಚ್ಚಗಿರುತ್ತದೆ, ಬೇಸಿಗೆಯಲ್ಲಿ ಚೆನ್ನಾಗಿಯೇ ಬಿಸಿ. ಮೇಲೆ ಬಟ್ಟೆ, ಪುಸ್ತಕ ಇಡಬೇಡಿ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿದ್ದೇನೆ, ಇರುವೆ ಕಾಟಕ್ಕೆ. ಟೈಪ್-ಸಿ ಕನೆಕ್ಟರ್ 10,000 ಸಲ ಹಾಕಿ ತೆಗೆದರೂ ತಡೆಯಬೇಕು ಅನ್ನುವುದು ನಿಯಮ. ಹಾಗಾಗಿ ಅದು ಸಡಿಲ ಅನ್ನಿಸಿದರೆ ಸವೆದಿದೆ ಅನ್ನುವ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಬಟ್ಟೆಯ ನಾರು ಒತ್ತಿ ಕೂತಿತ್ತು, ಆಫ್ ಮಾಡಿ ಮರದ ಹಲ್ಲುಕಡ್ಡಿಯಲ್ಲಿ ತೆಗೆದ ಮೇಲೆ ಮೊದಲಿನ ಹಾಗೆ ಟಕ್ ಅಂತ ಕೂತಿತು.

2023ರಲ್ಲಿ ಥಂಡರ್‌ಬೋಲ್ಟ್ 5 ಘೋಷಣೆಯಾಯಿತು, 80 ಜಿಬಿಪಿಎಸ್, ಮಾನಿಟರ್‌ಗೆ ಬೇಕಾದರೆ ಒಂದೇ ದಿಕ್ಕಿನಲ್ಲಿ 120. ನನ್ನ ಎರಡು 4ಕೆ ಮಾನಿಟರ್ 60 ಹರ್ಟ್ಸ್‌ನಲ್ಲಿ ನಡೆಯುತ್ತಿರುವಾಗ ಅದಕ್ಕೆ ದುಡ್ಡು ಹಾಕುವುದಿಲ್ಲ. ಮುಂದೆ ಥಂಡರ್‌ಬೋಲ್ಟ್ 5 ಇರುವ ಲ್ಯಾಪ್‌ಟಾಪ್ ತಗೊಂಡರೂ ಈ ಡಾಕ್ ಅದಕ್ಕೆ ನಡೆಯುತ್ತದೆ.