ಪೆನ್ನು ಕಡೆಯಲು ಮೂರು ಲೇತ್‌ಗಳು, ಒಂದು ಪಶ್ಚಾತ್ತಾಪ

ಮೊದಲೇ ಹೇಳಿಬಿಡುತ್ತೇನೆ: ಮರದ ಪೆನ್ನು ಕಡೆಯಲು ಹೊರಟವರು ಹಳೆಯದಾದರೂ ಸರಿ, ಎರಕದ ಕಬ್ಬಿಣದ ಲೇತನ್ನೇ ಕೊಳ್ಳಿ. ಇಷ್ಟು ತಿಳಿಯಲು ನನಗೆ 8,200 ರೂಪಾಯಿ ಮತ್ತು ಎರಡು ತಿಂಗಳ ಭಾನುವಾರಗಳು ಹಿಡಿದವು.

ಆ 8,200 ಹೋದದ್ದು ಆನ್‌ಲೈನ್‌ನಲ್ಲಿ ತರಿಸಿದ, ಓದುವ ಮೇಜಿನ ಮೇಲೆ ಕೂರುವ 24 ವೋಲ್ಟಿನ ಪುಟ್ಟ ಲೇತಿಗೆ. ಎರಡನೆಯದು, ಪೀಠೋಪಕರಣ ಮಾಡುವವರೊಬ್ಬರು ಅಂಗಡಿ ಮುಚ್ಚುವಾಗ 21,000ಕ್ಕೆ ಕೊಟ್ಟ, ಎರಕದ ಕಬ್ಬಿಣದ ಹಳೆಯ ಮಿನಿ ಲೇತ್. ಮೂರನೆಯದು ನನ್ನದಲ್ಲ. ಚನ್ನಪಟ್ಟಣದ ಆಟಿಕೆ ಕುಶಲಕರ್ಮಿಯೊಬ್ಬರ ಯಂತ್ರ. ನಾಲ್ಕು ಶನಿವಾರ ಅವರ ಪಕ್ಕ ನಿಂತು ಕಲಿತೆ.

ಪೆನ್ನಿನ ಕೆಲಸ ಕೇಳಲು ಸುಲಭ. ಮರದ ತುಂಡಿಗೆ 7 ಮಿ.ಮೀ. ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆ ಅಂಟಿಸಬೇಕು. ಅದನ್ನು ಮ್ಯಾಂಡ್ರೆಲ್ ಎಂಬ ತೆಳು ಉಕ್ಕಿನ ಸರಳಿಗೆ ಪೋಣಿಸಿ, ಎರಡೂ ತುದಿಗೆ ಬುಷ್ ಎಂಬ, ಪೆನ್ನಿನ ಅಳತೆಯ ಲೋಹದ ಬಳೆ ಹಾಕಿ, ಮರ ಬುಷ್‌ನ ಮಟ್ಟಕ್ಕೆ ಇಳಿಯುವ ತನಕ ಕಡೆಯಬೇಕು. ಹೊಸಬರೆಲ್ಲ ಹಿಡಿಯುವ, ಪೆನ್ನಿನ ಬಿಡಿಭಾಗಗಳ ಸ್ಲಿಮ್‌ಲೈನ್ ಕಿಟ್‌ನಲ್ಲಿ ಆ ಮಟ್ಟ ಸುಮಾರು 8.3 ಮಿ.ಮೀ. ಅದರಲ್ಲಿ ಕೊಳವೆಗೆ ಏಳು ಹೋದರೆ ತುದಿಯಲ್ಲಿ ಮರಕ್ಕೆ ಉಳಿಯುವುದು ಒಂದೊಂದು ಬದಿಗೆ ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆ. ನನ್ನ ಗೋಳೆಲ್ಲ ಈ ಮುಕ್ಕಾಲು ಮಿಲಿಮೀಟರಿನದು.

ಪುಟ್ಟ ಲೇತಿನಲ್ಲಿ ಮೊದಲ ತುಂಡು ಬುಷ್‌ನ ಮಟ್ಟಕ್ಕೆ ಇನ್ನೂ ಬಂದಿರಲಿಲ್ಲ, ಒಂದು ಪಕ್ಕದಲ್ಲಿ ಹಿತ್ತಾಳೆ ಹಳದಿಯಾಗಿ ಇಣುಕಿತು. ಇನ್ನೊಂದು ಪಕ್ಕದಲ್ಲಿ ಮರ ದಪ್ಪವಾಗಿಯೇ ಇತ್ತು. ತೂತು ಓರೆಯಾಗಿದೆ ಎಂದುಕೊಂಡು ಎರಡನೆಯದನ್ನು ನೆಟ್ಟಗೆ ಕೊರೆದೆ. ಅದೂ ಹಾಗೆಯೇ ಆಯಿತು. ಮರದ ತಪ್ಪೆಂದು ಹಲಸು ಬಿಟ್ಟು ತೇಗ ತಂದೆ. ಉಳಿಯ ತಪ್ಪೆಂದು ಹೊಸ ಉಳಿ ಕೊಂಡೆ. ಐದನೆಯ ತುಂಡಿನ ಹೊತ್ತಿಗೆ ಮನೆಯಲ್ಲಿ, ‘ಅಂಗಡಿಯಲ್ಲಿ ಹತ್ತು ರೂಪಾಯಿಗೆ ಪೆನ್ನು ಸಿಗುತ್ತದೆ’ ಎಂಬ ಮಾತು ಬಂತು.

ಕೊನೆಗೆ ರೋಗ ಹಿಡಿದವರು ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಪರಿಚಯದವರು. ಲೇತನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅವರು ಮೋಟರು ಹಚ್ಚಲೇ ಇಲ್ಲ. ಮ್ಯಾಂಡ್ರೆಲಿನ ಬುಡಕ್ಕೆ ಪೆನ್ಸಿಲ್ ತುದಿಯನ್ನು ತಾಗಿಯೂ ತಾಗದಂತೆ ಹಿಡಿದು, ಅದನ್ನು ಹಲ್ಲುಗಳಲ್ಲಿ ಕಚ್ಚಿ ಹಿಡಿಯುವ ಚಕ್ಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಗೆರೆ ಸುತ್ತಲೂ ಬೀಳಬೇಕಿತ್ತು. ಬಿದ್ದದ್ದು ಒಂದೇ ಪಕ್ಕಕ್ಕೆ. ‘ಚಕ್ಕೇ ಔಟ್ ಇದೆಯಲ್ಲ ಸರ್’ ಎಂದರು. ಸೈಕಲ್ ಚಕ್ರಕ್ಕೆ ಹೇಳುವ ಅದೇ ‘ಔಟ್’.

ಮೂಲ ಕಾರಣ ಆ ಲೇತಿನಲ್ಲಿ ಮೋರ್ಸ್ ಟೇಪರ್ ಇಲ್ಲದಿರುವುದು. ಒಳ್ಳೆಯ ಲೇತಿನ ತಿರುಗುವ ದಂಡದಲ್ಲಿ ಒಳಕ್ಕೆ ಹೋಗುತ್ತ ಕಿರಿದಾಗುವ ತೂತು ಇರುತ್ತದೆ. ಮ್ಯಾಂಡ್ರೆಲಿನ ಬುಡಕ್ಕೂ ಅದೇ ಇಳಿಜಾರು. ಸೀಸೆಗೆ ಬಿರಡೆ ಕೂರುವಂತೆ ಒಂದು ಸಲ ಒತ್ತಿದರೆ ಕಚ್ಚಿಕೊಂಡು ನಟ್ಟನಡುವೆ ಕೂರುತ್ತದೆ, ನಾವು ನಡು ಹುಡುಕಬೇಕಿಲ್ಲ. ನನ್ನ ಪುಟ್ಟ ಲೇತಿನಲ್ಲಿ ಆ ತೂತೇ ಇಲ್ಲದ ಕಾರಣ ಮ್ಯಾಂಡ್ರೆಲನ್ನು ಚಕ್ಕಿನ ಹಲ್ಲುಗಳ ನಡುವೆ ಹಿಡಿಸಬೇಕು. ಹಲ್ಲು ಅರ್ಧ ಮಿಲಿಮೀಟರ್ ಸರಿದಿದ್ದರೂ ಸಾಕು, ಪೆನ್ನಿನ ಒಂದು ಪಕ್ಕ ಬೋಳಾಗುತ್ತದೆ. ಮಣಿ, ಉಂಗುರ ಕಡೆಯುವವರಿಗೆ ಇದು ಲೆಕ್ಕಕ್ಕೇ ಬಾರದು, ಒಳಗೆ ಕೊಳವೆ ಇಲ್ಲವಲ್ಲ. ಲಗ್ನಪತ್ರಿಕೆಯೊಂದರ ದಪ್ಪ ಕಾಗದವನ್ನು ಚೂರು ಮಾಡಿ ಹಲ್ಲಿನ ಸಂದಿಗೆ ತುರುಕಿ ಒಂದು ಪೆನ್ನನ್ನೇನೋ ಮುಗಿಸಿದೆ. ಮುಂದಿನ ಭಾನುವಾರಕ್ಕೆ ಕಾಗದ ಜಜ್ಜಿಹೋಗಿ ಮತ್ತೆ ಮೊದಲಿನ ಸ್ಥಿತಿ.

ಹಳೆಯ ಲೇತಿನಲ್ಲಿ ಎರಡನೇ ನಂಬರಿನ ಮೋರ್ಸ್ ಟೇಪರ್ ಇದೆ. ಮ್ಯಾಂಡ್ರೆಲ್ ಒತ್ತಿದೆ, ಕೂತಿತು, ಮೊದಲ ಪೆನ್ನೇ ದುಂಡಗೆ ಬಂತು. ಇಲ್ಲೂ ಒಂದು ಎಚ್ಚರ ಬೇಕು: ತುದಿಯ ನಟ್ಟನ್ನಾಗಲಿ, ಎದುರು ಬದಿಯಿಂದ ಸರಳನ್ನು ಒತ್ತಿ ಹಿಡಿಯುವ ಟೇಲ್‌ಸ್ಟಾಕನ್ನಾಗಲಿ ಬಲವಾಗಿ ಬಿಗಿದರೆ ತೆಳು ಸರಳು ಬಿಲ್ಲಿನಂತೆ ಬಾಗುತ್ತದೆ, ಮತ್ತೆ ಅದೇ ಕಥೆ. ಬೆರಳಲ್ಲಿ ಬಿಗಿಯುವಷ್ಟು ಸಾಕು.

ಭಾರವೇ ಇದರ ಗುಣ, ಭಾರವೇ ದೋಷ. ಬಾಡಿಗೆ ಮನೆಯ ಎರಡನೇ ಮಹಡಿಗೆ ಇಬ್ಬರು ಹೊತ್ತು ತಂದೆವು. ವೇಗ ಬದಲಿಸಲು ಮುಚ್ಚಳ ತೆಗೆದು ಬೆಲ್ಟ್ ಸರಿಸಬೇಕು. ಕೆಳಮನೆಯ ಅಜ್ಜಿಯ ಮಧ್ಯಾಹ್ನದ ನಿದ್ದೆಗೆ ಮುಂಚೆ ಮುಗಿಸಬೇಕು.

ಇನ್ನು ಚನ್ನಪಟ್ಟಣ. ಅಲ್ಲಿ ನಾನು ಪೆನ್ನು ಮಾಡಲಿಲ್ಲ, ಬುಗುರಿ ಮಾಡಿದೆ. ಮ್ಯಾಂಡ್ರೆಲು, ಬುಷ್ ಯಾವುದರ ಗೊಡವೆಯೂ ಇಲ್ಲ. ಹಾಲೆ ಮರದ ತುಂಡನ್ನು ತಿರುಗುವ ತುದಿಯ ಗುಳಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಮುಗಿಯಿತು. ಉಳಿಯನ್ನು ನಾನು ಕತ್ತಿಯಂತೆ ಬಿಗಿಹಿಡಿದಿದ್ದೆ. ‘ನೂಕಬೇಡಿ ಸರ್, ಮರ ತಾನಾಗಿಯೇ ಉಳಿಗೆ ಬರಲಿ’ ಎಂದು ಅವರು ನನ್ನ ಬಲಗೈಯನ್ನು ಹಿಡಿದು ಸೊಂಟಕ್ಕೆ ಒತ್ತಿಸಿದರು. ಅಲ್ಲಿಯವರೆಗೆ ಪುಡಿಯಾಗಿ ಉದುರುತ್ತಿದ್ದ ಮರ ಸಿಪ್ಪೆಯಾಗಿ, ಉದ್ದನೆಯ ಸುರುಳಿಯಾಗಿ ಮೊಣಕೈ ಮೇಲೆ ಬಿತ್ತು. ಎಷ್ಟು ವಿಡಿಯೊ ನೋಡಿದರೂ ಇದು ಬಂದಿರಲಿಲ್ಲ.

ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜುವ ಕಾವಿಗೇ ಕರಗಿ ಬಣ್ಣ ಹತ್ತುವುದನ್ನು, ಆಮೇಲೆ ತಾಳೆಗರಿ ತಾಗಿಸಿ ಹೊಳಪು ಬರಿಸುವುದನ್ನು ಕಂಡು ಆಸೆಯಾಗಿ ಮನೆಯಲ್ಲಿ ಒಂದು ಪೆನ್ನಿಗೂ ಅರಗು ಹಚ್ಚಿದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದ ದಿನವೇ ಅಂಟಂಟಾಯಿತು. ಮದ್ಯಸಾರಕ್ಕೆ ಅರಗು ಕರಗುತ್ತದೆ, ನೆನಪಿರಲಿಲ್ಲ. ಈಗ ಪೆನ್ನಿಗೆ ಸೂಪರ್ ಗ್ಲೂವಿನ ತೆಳು ಪದರಗಳೇ.

ಮರದ ವಿಷಯ ಒಂದೇ ಮಾತು: ಬಡಗಿಯವರ ಬಳಿ ಉಳಿದ ತುಂಡುಗಳನ್ನು ಕೇಳಿ ತನ್ನಿ, ಬೀಟೆ ಕಡೆಯುವಾಗ ಮುಖಗವಸು ಹಾಕಿ, ಅದರ ಪುಡಿ ಕೆಲವರಿಗೆ ತುರಿಕೆ ತರುತ್ತದೆ.

ನನಗೆ ಸಿಗುವುದು ಭಾನುವಾರ ಹತ್ತರಿಂದ ಒಂದರವರೆಗೆ, ಅಷ್ಟೇ. ಆ ಮೂರು ಗಂಟೆಯಲ್ಲಿ ಲಗ್ನಪತ್ರಿಕೆ ಕತ್ತರಿಸುತ್ತ ಕೂರಲಾರೆ. ಹಾಗಾಗಿ ಹಳೆಯ ಲೇತ್. ಹಣ ಈಗಲೇ ಇಲ್ಲದವರು ಪುಟ್ಟದಕ್ಕೆ ಸುರಿಯುವ ಬದಲು ಕೆಲವು ಶನಿವಾರ ಚನ್ನಪಟ್ಟಣದ ಬಸ್ ಹತ್ತಿ, ಉಳಿ ಹಿಡಿಯಲು ಕಲಿಯುತ್ತ ಹಣ ಕೂಡಿಡಲಿ.

ಪುಟ್ಟ ಲೇತನ್ನು ಕಳೆದ ವಾರ 3,500ಕ್ಕೆ ಮಾರಿದೆ. ಕೊಳ್ಳಲು ಬಂದ ಹುಡುಗ ಕೇಳಿದ ಮೊದಲ ಪ್ರಶ್ನೆ, ‘ಇದರಲ್ಲಿ ಪೆನ್ನು ಮಾಡಬಹುದೇ ಅಂಕಲ್?’ ಮಣಿ ಮಾಡಬಹುದು ಎಂದು ಹೇಳಿ, ಪೆನ್ಸಿಲ್ ಹಿಡಿದು ಚಕ್ಕು ತಿರುಗಿಸಿ ತೋರಿಸಿದೆ. ಬೆಲೆಯಲ್ಲಿ ಐನೂರು ಇಳಿದದ್ದು ಅದಕ್ಕೇ.