2001ರ ಜನಗಣತಿಯೋ, 2011ರದೋ?

ಅಂಗವಿಕಲರ ಬಗ್ಗೆ ವರದಿ ಬರೆಯಲು ಯಾವ ಗಣತಿಯ ಅಂಕಿ ಹಿಡಿಯಬೇಕು? ನನ್ನ ಓಟು 2011ಕ್ಕೆ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು 'ಏರಿತು, ಇಳಿಯಿತು' ಅನ್ನಬೇಡಿ.

ಕಣ್ಣಿನ ಲೆಕ್ಕವನ್ನೇ ನೋಡಿ. 2001ರಲ್ಲಿ ದೃಷ್ಟಿ ದೋಷ ಇರುವವರು ಸುಮಾರು 1.06 ಕೋಟಿ. 2011ರಲ್ಲಿ ಸುಮಾರು 50 ಲಕ್ಷ. ಹತ್ತು ವರ್ಷದಲ್ಲಿ ಅರ್ಧದಷ್ಟು ಜನರಿಗೆ ಕಣ್ಣು ಬಂತೇ? ಇಲ್ಲ, ಅಳತೆ ಬದಲಾಯಿತು. 2001ರಲ್ಲಿ ಒಂದೇ ಕಣ್ಣು ಚೆನ್ನಾಗಿರುವವರನ್ನೂ ಪಟ್ಟಿಗೆ ಸೇರಿಸಿದ್ದರು, 2011ರಲ್ಲಿ ಅವರನ್ನು ಬಿಟ್ಟರು. ಸುಮ್ನೆ ಗ್ರಾಫ್ ಎಳೆದರೆ ಎಡವಟ್ಟು ಗ್ಯಾರಂಟಿ!

ಅಂಗವೈಕಲ್ಯದ ಬಗೆಗಳೂ 2011ರಲ್ಲೇ ಜಾಸ್ತಿ. 2001ರಲ್ಲಿ ಐದೇ ಇದ್ದವು. ಮಾನಸಿಕ ತೊಂದರೆಗಳೆಲ್ಲ ಒಂದೇ ಖಾನೆಯಲ್ಲಿ. 2011ರಲ್ಲಿ ಬುದ್ಧಿಮಾಂದ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ ಆಯಿತು. 'ಇತರೆ', 'ಬಹುವಿಧ' ಸೇರಿ ಒಟ್ಟು ಎಂಟು. ಹಾಗಾಗಿ ಒಟ್ಟು ಸಂಖ್ಯೆ 2.19 ಕೋಟಿಯಿಂದ 2.68 ಕೋಟಿಗೆ ಏರಿದ್ದನ್ನೂ ಅನುಮಾನದಿಂದಲೇ ನೋಡಬೇಕು, ಅಲ್ವಾ?

ಲಿಂಗದ ಕಾಲಂನಲ್ಲಿ ಗಂಡು, ಹೆಣ್ಣಿನ ಜೊತೆ 'ಇತರೆ' ಎಂಬ ಸಂಕೇತ ಬಂದದ್ದೂ 2011ರಲ್ಲೇ. ಮನೆಯಲ್ಲಿ ಕಂಪ್ಯೂಟರ್, ಇಂಟರ್ನೆಟ್ ಇದೆಯೇ ಎಂದು ಕೇಳಿದ್ದೂ ಆಗಲೇ.

ಜಾತಿವಾರು ಪೂರ್ತಿ ಲೆಕ್ಕ ಬೇಕಿದ್ದರೆ ಎರಡೂ ಕೈಕೊಡುತ್ತವೆ. ಅದಕ್ಕೆ 1931ರ ಸಂಪುಟಗಳನ್ನೇ ತೆರೆಯಬೇಕು.